ಕೆನೆಬಣ್ಣದ ಕಾರಿಗೆ ನಾನಿಟ್ಟ ಕುಂಕುಮ

ಅರಕಲಗೂಡಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದ ದಿನಗಳವು. ತೊಂಬತ್ತರ ದಶಕ ಆಗತಾನೆ ಆರಂಭವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಹೊಳೆನರಸೀಪುರದ ಬಸ್ಸು ತಪ್ಪಿಹೋಗಿ, ಉತ್ತರಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಉದ್ದನೆಯ ಕಾರೊಂದು ನನ್ನನ್ನು ದಾಟಿ ಹೋಗಿ ಹತ್ತು ಮಾರು ಮುಂದೆ ನಿಂತಿತು. ಅದು ನಿಂತದ್ದು ನನಗೆ ಕಣ್ಣಿನಿಂದ ತಿಳಿಯಿತೇ ಹೊರತು ಕಿವಿಯಿಂದಲ್ಲ.

ಹಿಂದಿನ ಗಾಜು ಇಳಿಯಿತು. ಒಳಗಿದ್ದವರು ಊರಿನ ವೈದ್ಯರು. ಪೂರ್ವ ಆಫ್ರಿಕಾದ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ದುಡಿದು, ಹಿಂತಿರುಗುವಾಗ ಅಲ್ಲಿ ಕೊಂಡಿದ್ದ ಜಪಾನಿನ ಕಾರನ್ನು ಹಡಗಿನಲ್ಲಿ ತಂದಿದ್ದರೆಂಬುದು ಅರಕಲಗೂಡಿನಲ್ಲಿ ಮಕ್ಕಳಿಗೂ ಗೊತ್ತಿದ್ದ ಸಂಗತಿ.

“ಬನ್ನಿ ಟೀಚರ್, ನಾನೂ ಹೊಳೆನರಸೀಪುರಕ್ಕೇ ಹೊರಟಿದ್ದೀನಿ,” ಎಂದರು.

ನಾನು ಕುಳಿತು ಬಾಗಿಲೆಳೆದುಕೊಂಡೆ. ಬತ್ತದ ಮೂಟೆಯನ್ನು ಬಲ್ಲವನೊಬ್ಬ ಮೆಲ್ಲನೆ ನೆಲಕ್ಕಿಳಿಸಿದಂತಹ ಸದ್ದು. ಆಸನಕ್ಕೆ ಮಾಗಿದ ನೇರಳೆಹಣ್ಣಿನ ಬಣ್ಣದ ಮಖಮಲ್ಲು. ತಲೆಯಾನುವ ಎಡೆಗೆ ಹೆಣಿಗೆಯ ಬಿಳಿ ಹೊದಿಕೆ. ಅಂದು ನನಗೆ ಅಲಂಕಾರಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಬೇರೊಂದು. ವೈದ್ಯರು ಸ್ವಲ್ಪ ಹೊತ್ತಿಗೆ ತೂಕಡಿಸತೊಡಗಿದ್ದರಿಂದ, ಸುಮ್ಮನೆ ಕೂರಲಾರದೆ ನಾನು ಕಟ್ಟನ್ನು ಬಿಚ್ಚಿ ತಿದ್ದಲು ತೊಡಗಿದೆ. ಆ ಕಾಲದ ಅರಕಲಗೂಡಿನ ರಸ್ತೆಯನ್ನು ಕಂಡವರಿಗೆ ನಾನು ಹೇಳುತ್ತಿರುವುದು ಉತ್ಪ್ರೇಕ್ಷೆಯೆನ್ನಿಸಬಹುದು: ದಾರಿಯುದ್ದಕ್ಕೂ ಏಳು ಉತ್ತರಪತ್ರಿಕೆಗಳನ್ನು ತಿದ್ದಿದೆ, ಒಂದರಲ್ಲಿಯೂ ನನ್ನ ಕೆಂಪು ಗೆರೆ ಅಲುಗಲಿಲ್ಲ. ಹೊಂಡಗಳು ಇರಲಿಲ್ಲವೆಂದಲ್ಲ. ಹೊಂಡ ಬಂದಾಗಲೆಲ್ಲ ಕಾರು ಒಂದು ಕ್ಷಣ ಉಸಿರು ಹಿಡಿದಂತೆ ತಗ್ಗಿ, ಮತ್ತೆ ತನ್ನ ಮಟ್ಟಕ್ಕೆ ಏಳುತ್ತಿತ್ತು. ಇಂಥದೊಂದನ್ನು ಮಾಡಿದವರು ಯಾರೋ, ಅವರು ತಮ್ಮ ಕೆಲಸವನ್ನು ಎಲ್ಲಿಯೂ ‘ಇಷ್ಟು ಸಾಕು’ ಎಂದು ಬಿಟ್ಟಿಲ್ಲ ಎಂದುಕೊಂಡೆ. ಇಳಿಯುವಾಗ ವೈದ್ಯರಿಗೂ, ಕಾರು ನಡೆಸುತ್ತಿದ್ದ ಮಿತಭಾಷಿ ಚಾಲಕನಿಗೂ ಕೈಮುಗಿದೆ. ಆತ ಆಗ ಮೂವತ್ತರ ಆಸುಪಾಸಿನವನಿದ್ದಿರಬೇಕು.

ಆಮೇಲೆ ನನಗೆ ಹಾಸನಕ್ಕೆ ವರ್ಗವಾಯಿತು. ಹೊಸ ಶತಮಾನ ಬಂದ ಕೆಲವು ವರ್ಷಗಳಿಗೆ ಕೆಲಸವನ್ನು ಬಿಟ್ಟು, ಶಾಲಾಮಕ್ಕಳಿಗಾಗಿ ವ್ಯಾಕರಣದ ಕೈಪಿಡಿಗಳನ್ನು ಬರೆಯತೊಡಗಿದೆ. ಅವು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮಾರಾಟವಾದವು. ಕಾರು ನಡೆಸುವುದನ್ನೂ ಕಲಿತೆ. ಆ ಹೊತ್ತಿಗೆ ಹಾಸನದ ರಸ್ತೆಗಳಲ್ಲಿ ಬಗೆಬಗೆಯ ಹೊಸ ಕಾರುಗಳು ಓಡಾಡುತ್ತಿದ್ದವು. ನನ್ನ ಮನಸ್ಸು ಮಾತ್ರ, ಏಳು ಉತ್ತರಪತ್ರಿಕೆಗಳನ್ನು ತಿದ್ದಿದ ಆ ಹಿಂದಿನ ಆಸನದಲ್ಲಿಯೇ ಉಳಿದಿತ್ತು. ವೈದ್ಯರು ತೀರಿಕೊಂಡರೆಂದೂ, ಅವರ ಪತ್ನಿ ಹೊಳೆನರಸೀಪುರದಲ್ಲಿ ವಕೀಲೆಯಾದ ಮಗಳೊಡನೆ ಇದ್ದಾರೆಂದೂ, ಕಾರು ಮಾರಾಟಕ್ಕಿದೆಯೆಂದೂ ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿದಾಗ ನಾನು ಎರಡನೆಯ ಯೋಚನೆ ಮಾಡಲಿಲ್ಲ.

ನಮ್ಮ ಯಜಮಾನರು ಮಾಡಿದರು. “ಓಡಾಡೋಕೆ ಒಂದು ಕಾರಿದೆಯಲ್ಲ?”

“ಇದು ಓಡಾಡೋಕಲ್ಲ. ಇಟ್ಟುಕೊಳ್ಳೋಕೆ.”

“ಕಾರನ್ನ ಇಟ್ಕೊಳ್ಳೋದು ಅಂದ್ರೇನೇ? ಬೆಳ್ಳಿ ತಟ್ಟೆಯಾ ಅದು, ಹಬ್ಬಕ್ಕೊಂದು ಸಲ ತೆಗೆದು ಒರೆಸಿ ಇಡೋದಕ್ಕೆ?”

“ಹೂಂ, ಹಾಗೇ ಅಂತ ತಿಳ್ಕೊಳ್ಳಿ,” ಎಂದೆ.

ಶಿವರಾತ್ರಿ ಕಳೆದ ಮೊದಲ ಶುಕ್ರವಾರ ಹೊಳೆನರಸೀಪುರಕ್ಕೆ ಹೋದೆ. ವೈದ್ಯರ ಪತ್ನಿ ಎಪ್ಪತ್ತು ದಾಟಿದ, ನೆಟ್ಟಗೆ ಕೂರುವ, ನೆಟ್ಟಗೆ ಮಾತನಾಡುವ ಹೆಂಗಸು. ಮನೆಯ ಪಕ್ಕದ ಶೆಡ್ಡನ್ನು ಕೆಡವಿ ಮಗಳಿಗೆ ಕಚೇರಿ ಕಟ್ಟಿಸಬೇಕಾಗಿತ್ತು. ಯುಗಾದಿಯ ದಿನ ಭೂಮಿಪೂಜೆ. ಅಷ್ಟರೊಳಗೆ ಕಾರು ಹೊರಡಬೇಕು. ಮದುವೆಗಳಿಗೆ ಕಾರು ಬಾಡಿಗೆ ಕೊಡುವ ಚನ್ನರಾಯಪಟ್ಟಣದ ದಲ್ಲಾಳಿಯೊಬ್ಬ ಆಗಲೇ ಎರಡು ಸಲ ಬಂದು ಹೋಗಿದ್ದನಂತೆ.

“ನೀನು ಅವತ್ತು ಇವರ ಜೊತೆ ಬಂದವಳು ಅಂತೀಯ. ನನಗೆ ನಿನಗೇ ಕೊಡೋಕೆ ಇಷ್ಟ ಕಣಮ್ಮ,” ಎಂದರು. “ಆದರೆ ಇವರು ಹೋಗೋಕೆ ಮುಂಚೆ ಒಂದು ಮಾತು ಹೇಳಿದ್ರು. ‘ಡ್ರೈವರು ಒಪ್ಪದೆ ಯಾರಿಗೂ ಕೀಲಿ ಕೊಡಬೇಡ, ಕಾರು ಉಳಿದಿರೋದೇ ಅವನಿಂದ’ ಅಂತ. ಅಂಗಳದಲ್ಲಿದ್ದಾನೆ, ಹೋಗಿ ಅವನನ್ನ ನೋಡು.”

ಚಾಲಕ ಈಗ ಹೊಳೆನರಸೀಪುರದಲ್ಲಿ ಸ್ವಂತ ಆಟೋ ಓಡಿಸುತ್ತಿದ್ದ. ಆದರೂ ದಿನವೂ ಬೆಳಗ್ಗೆ ಶೆಡ್ಡಿಗೆ ಬಂದು ಕಾರನ್ನು ನೋಡಿಕೊಂಡು ಹೋಗುವುದನ್ನು ಬಿಟ್ಟಿರಲಿಲ್ಲ. ನಾನು ಬರುವೆನೆಂದು ಕಾರನ್ನು ಅಂಗಳದ ನೆರಳಿಗೆ ತಂದು ನಿಲ್ಲಿಸಿ, ಇಂಜಿನ್ನನ್ನು ಓಡುತ್ತಿರಲು ಬಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಬಾನೆಟ್ಟಿನ ಮೇಲೆ ಅಂಗೈಯಿಟ್ಟಾಗಲೇ ಅದು ಓಡುತ್ತಿದೆಯೆಂದು ನನಗೆ ತಿಳಿದದ್ದು.

ನಾನು ಚೀಲದಿಂದ ಪುಸ್ತಕ ತೆಗೆದೆ. ನೋಡಬೇಕಾದ ಅಂಶಗಳನ್ನು ಮನೆಯಲ್ಲಿಯೇ ಬರೆದುಕೊಂಡು ಬಂದಿದ್ದೆ; ಒಟ್ಟು ನಲವತ್ತೆರಡು. ಹತ್ತು ಪ್ರಶ್ನೆಗಳಾಗುವ ಹೊತ್ತಿಗೆ ಆತ ಕೇಳಿದ.

“ಮೇಡಮ್ಮೋರೆ, ಕಾರ್ ತಗೊಳ್ಳಕ್ಕೆ ಬಂದಿದ್ದೀರೋ, ಪರೀಕ್ಸೆ ಮಾಡಕ್ಕೋ?”

“ಎರಡಕ್ಕೂ ಬಂದಿದ್ದೀನಪ್ಪ.”

“ಸರಿ, ಕೇಳಿ. ಪಾಸ್ ಮಾಡೋದು ನಾನು.”

ಕೇಳಿದೆ. ಪ್ರತಿಯೊಂದಕ್ಕೂ ಉತ್ತರವಿತ್ತು, ಬಹುಪಾಲು ಉತ್ತರಗಳು ನನ್ನ ಪ್ರಶ್ನೆಗಳಿಗಿಂತ ಉತ್ತಮವಾಗಿದ್ದವು. ಟೈರುಗಳು ನಿಂತಲ್ಲೇ ನಿಂತು ಚಪ್ಪಟೆಯಾಗಬಾರದೆಂದು ಆತ ಪ್ರತಿ ಗುರುವಾರ ಇಂಜಿನ್ ಹಚ್ಚಿ ಕಾರನ್ನು ಒಂದು ಗೇಣು ಸರಿಸುತ್ತಿದ್ದ. ಶೆಡ್ಡಿನ ನೆಲದ ಮೇಲೆ ಅದಕ್ಕಾಗಿ ಎಳೆದ ಸೀಮೆಸುಣ್ಣದ ಗೆರೆಗಳು ಕಾಪಿಪುಸ್ತಕದ ಗೆರೆಗಳಂತೆ ಸಾಲಾಗಿದ್ದವು. ಇಲಿ ವೈರು ಕಡಿಯದಂತೆ ಇಂಜಿನ್ನಿನ ಬಳಿ ಅರಕಲಗೂಡಿನ ತಮ್ಮ ಹೊಲದ ಹೊಗೆಸೊಪ್ಪಿನ ಸಣ್ಣ ಕಟ್ಟು. ಮಖಮಲ್ಲು ಇಪ್ಪತ್ತು ವರ್ಷಗಳ ಮೇಲೂ ಅದೇ ನೇರಳೆ. ಅದು ಹೇಗೆಂದು ಕೇಳಿದಾಗ ಆತ ಸ್ವಲ್ಪ ನಾಚಿಕೊಂಡ.

“ಅದು ಅಮ್ಮಾವ್ರ್ ಏಳ್ಕೊಟ್ಟಿದ್ದು. ರೇಸ್ಮೆ ಸೀರೆ ಒಗಿಯೋ ಅಂಟ್ವಾಳ ಇರ್ತದಲ್ಲ, ಅದ್ರ ನೊರೆ ಮಾತ್ರ. ನೀರ್ ತಾಕುಸ್ಬಾರ್ದು. ಒದ್ದೆ ಬಟ್ಟೇಲಿ ನೊರೆ ಎತ್ಕಂಡು ಒಂದೇ ದಿಕ್ಕಿಗೆ ಒರುಸ್ಬೇಕು.”

ನಲವತ್ತೆರಡರಲ್ಲಿ ನಲವತ್ತೊಂದಕ್ಕೆ ನಾನು ಸರಿಯೆಂಬ ಗುರುತು ಹಾಕಿದೆ. ಕಾರಿನ ಗಡಿಯಾರ ಮಾತ್ರ ಐದು ನಿಮಿಷ ಹಿಂದಿತ್ತು. ನನ್ನ ಇಡೀ ಉಪಾಧ್ಯಾಯ ವೃತ್ತಿಯಲ್ಲಿ ಅಷ್ಟು ಅಂಕ ಪಡೆದವರು ಇಬ್ಬರೋ ಮೂವರೋ.

ಆತ ಸುಮ್ಮನೆ ತಲೆಯಾಡಿಸಿ, “ಊಟ ಮಾಡ್ಕಂಡ್ ಬತ್ತೀನಿ. ಆಮೇಲ್ ನೀವು ಒಂದ್ ರೌಂಡ್ ಓಡ್ಸಿ ತೋರ್ಸಿ, ಆಗ ಏಳ್ತೀನಿ,” ಎಂದು ಇಂಜಿನ್ ಆರಿಸಿ ಹೊರಟ. ಒಪ್ಪಿದಂತೆಯೇ ಎಂದು ನಾನು ತಿಳಿದೆ. ನನ್ನ ತಪ್ಪು ಅಲ್ಲಿಂದ ಆರಂಭವಾಯಿತು.

ನಮ್ಮ ಮನೆಗಳಲ್ಲಿ ಹೊಸ ವಸ್ತು ಬಂದರೆ, ಅದು ಒನಕೆಯಾಗಲಿ ಟೈಪ್‌ರೈಟರಾಗಲಿ, ಮುಟ್ಟುವ ಮೊದಲು ಅರಿಸಿನ ಕುಂಕುಮವಿಡುವುದು ಪದ್ಧತಿ. ಶುಕ್ರವಾರ ಬೇರೆ. ಚೀಲದಲ್ಲಿ ಪುಟ್ಟ ಭರಣಿಗಳೆರಡು ಇದ್ದೇ ಇದ್ದವು. ಅರಿಸಿನವನ್ನು ನೀರಿನಲ್ಲಿ ಕಲಸಿ, ಬಾನೆಟ್ಟಿನ ನಟ್ಟನಡುವೆ ಅಂಗೈಯಗಲ ಬಳಿದು, ಅದರ ಮೇಲೆ ಒದ್ದೆ ಕುಂಕುಮದಿಂದ ಸ್ವಸ್ತಿಕವನ್ನು ಬರೆದೆ. ನಾಲ್ಕು ತೋಳುಗಳೂ ಸಮನಾಗಿರುವಂತೆ ಎರಡು ಸಲ ತಿದ್ದಿದೆ. ಕೈಮುಗಿದು ಒಳಗೆ ಹೋಗಿ, ವೈದ್ಯರ ಪತ್ನಿ ಬಡಿಸಿದ ಹುಳಿಯನ್ನ ಉಂಡು, ಮಾತನಾಡುತ್ತ ಒಂದೂವರೆ ಗಂಟೆ ಕುಳಿತೆ. ಹೊರಗೆ ಕಾದ ಇಂಜಿನ್ನಿನ ಮೇಲೆ ಕಾದ ಲೋಹ; ನೆರಳು ಸರಿದು, ಅದರ ಮೇಲೆ ಶಿವರಾತ್ರಿ ಕಳೆದ ಬಿಸಿಲು.

ನಾವು ಹೊರಗೆ ಬಂದಾಗ ಚಾಲಕ ಆಗಲೇ ಹಿಂತಿರುಗಿದ್ದ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದ್ದ. ಪುಡಿ ಹೋಗಿತ್ತು, ಬಣ್ಣ ಹೋಗಿರಲಿಲ್ಲ. ಕೆನೆಬಣ್ಣದ ಮೇಲೆ ಹಳದಿಯ ವೃತ್ತ, ಅದರೊಳಗೆ ನನ್ನ ಅಚ್ಚುಕಟ್ಟಾದ ಸ್ವಸ್ತಿಕ, ಬಟ್ಟೆಗೆ ಅಚ್ಚೊತ್ತಿದಂತೆ ಕುಳಿತಿತ್ತು. ಆತ ಆಟೋದ ಮೆಟ್ಟಿಲ ಮೇಲೆ ಕುಳಿತು ಬಟ್ಟೆಯನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಿಸುತ್ತಿದ್ದ.

“ಅಯ್ಯೋ, ಹೇಳೋದು ಮರೆತೆನಲ್ಲ,” ಎಂದರು ವೈದ್ಯರ ಪತ್ನಿ ಮೆಲ್ಲನೆ. “ಆಯುಧಪೂಜೆಗೂ ಅವನು ಬಾಳೆ ಎಲೆ ಹಾಸಿ, ಅದರ ಮೇಲೆ ಕುಂಕುಮ ಇಡ್ತಿದ್ದ. ಬಣ್ಣಕ್ಕೆ ಒಂದು ಬೊಟ್ಟೂ ತಾಕಿಸಿಲ್ಲ ಇಷ್ಟು ವರ್ಷ.”

ಆತನ ಆಟೋದ ಮುಂಭಾಗವಾದರೋ ಕುಂಕುಮ, ವಿಭೂತಿ, ನಿಂಬೆಹಣ್ಣುಗಳಿಂದ ತುಂಬಿಹೋಗಿತ್ತು. ನಾನು ಅದನ್ನು ನೋಡಿದ್ದನ್ನು ಆತ ಗಮನಿಸಿದ.

“ಆಟೋಗೆ ಎಷ್ಟಾರ ಬಳೀರಿ, ಅದ್ಕೆ ರೂಢಿ ಐತೆ,” ಎಂದ. “ನಲವತ್ತೆರಡ್ ಪ್ರಸ್ನೆ ಕೇಳುದ್ರಿ. ಇದೊಂದ್ ಕೇಳ್ನಿಲ್ಲ ನೀವು.”

ಮಕ್ಕಳು ತಪ್ಪು ಮಾಡಿದಾಗ ನೆಪ ಹೇಳಬಾರದೆಂದು ಇಪ್ಪತ್ತು ವರ್ಷ ಬೋಧಿಸಿದವಳು ನಾನು. “ತಪ್ಪು ನನ್ನದು,” ಎಂದೆ. “ಹೋಗಿಸೋ ದಾರಿ ಇದ್ದರೆ ಹೇಳಪ್ಪ.”

ಆತ ಎದ್ದು ಬಂದು ಕಲೆಯನ್ನು ಬಗ್ಗಿ ನೋಡಿದ. “ಕುಂಕ್ಮ ಮನೇದಾ, ಅಂಗಡೀದಾ? ಮನೇಲ್ ಮಾಡಿದ್ದಾದ್ರೆ ಅರಿಸ್ನದ್ದು, ಬಿಸ್ಲಿಗೆ ಓಯ್ತದೆ. ಅಂಗಡೀದು ಓಗಕಿಲ್ಲ.”

ಎಲ್ಲವನ್ನೂ ಬರೆದಿಡುವ ನನಗೆ ಈ ಒಂದು ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ಭರಣಿಯನ್ನು ತುಂಬಿಸುತ್ತಿದ್ದವರು ನಮ್ಮ ಅತ್ತೆ. ವೈದ್ಯರ ಪತ್ನಿಯ ಮನೆಯ ಫೋನಿನಿಂದ ಹಾಸನಕ್ಕೆ ಮಾತನಾಡಿದೆ.

“ಎರಡೂ ಬೆರೆಸಿದ್ದೆ ಕಣೇ,” ಎಂದರು ಅತ್ತೆ. “ಮನೆಯದು ಸಾಲಲಿಲ್ಲ. ಯಾಕೆ, ಹಣೆ ತುರಿಸ್ತಿದೆಯಾ?”

ಚಾಲಕನಿಗೆ ಹಾಗೆಯೇ ಹೇಳಿದೆ. ಆತ ವೈದ್ಯರ ಪತ್ನಿಯ ಕಡೆ ತಿರುಗಿದ. “ಅಮ್ಮಾವ್ರೆ, ಉಗಾದಿವರ್ಗೂ ನೋಡ್ತೀನಿ. ಕಲೆ ಓದ್ರೆ ಕಾರು ಮೇಡಮ್ಮೋರ್ದು. ಓಗ್ದಿದ್ರೆ ಯಾರಿಗಾರ ಕೊಡಿ, ನಾನ್ ಅಡ್ಡ ಬರಕಿಲ್ಲ.” ಅದರ ಅರ್ಥ ಮೂವರಿಗೂ ತಿಳಿದಿತ್ತು. ಹಾಳಾದದ್ದು ಯಾರ ಪಾಲಾದರೇನು ಎಂಬ ಮಾತದು. ಅಂದರೆ ಚನ್ನರಾಯಪಟ್ಟಣದವನ ಪಾಲು.

ಮುಂದಿನ ಶುಕ್ರವಾರ ಹೋದಾಗ ಕಂಡದ್ದನ್ನು ನಾನು ಇಂದಿಗೂ ಮೆಚ್ಚುಗೆಯಿಂದ ನೆನೆಯುತ್ತೇನೆ. ಇಪ್ಪತ್ತು ವರ್ಷ ಆ ಕಾರನ್ನು ಬಿಸಿಲಿನಿಂದ ಕಾಪಾಡಿದವನು ಈಗ ಅದನ್ನು ಬಿಸಿಲಿಗಿಡಬೇಕಾಗಿತ್ತು; ಆದರೆ ಕಲೆಗೆ ಬೇಕಾದ ಬಿಸಿಲು ಉಳಿದ ಬಣ್ಣಕ್ಕೂ ಮಖಮಲ್ಲಿಗೂ ಬೇಡ. ಆದ್ದರಿಂದ ವೈದ್ಯರ ಹಳೆಯ ಪಂಚೆಗಳನ್ನು ಎರಡು ಪದರವಾಗಿ ಸೇರಿಸಿ ಹೊಲಿಸಿ, ಇಡೀ ಕಾರಿಗೆ ಹೊದಿಸಿ, ಬಾನೆಟ್ಟಿನ ಮೇಲೆ ಸರಿಯಾಗಿ ಕಲೆಯಷ್ಟೇ ಅಗಲದ ಒಂದು ದುಂಡನೆಯ ಕಿಂಡಿಯನ್ನು ಕತ್ತರಿಸಿದ್ದ. ಕಿಂಡಿಯ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ಕಾಜಾ ಹೊಲಿಗೆ. ಬೆಳಗ್ಗೆ ಹತ್ತಕ್ಕೆ ಕಾರನ್ನು ಹೊರಗೆ ತರುವುದು, ಮೂರಕ್ಕೆ ಒಳಗೆ. ನೆರಳು ಸರಿದಂತೆ ಕಾರನ್ನೂ ಸರಿಸಬೇಕು. ಲೋಹ ಹೆಚ್ಚು ಕಾದರೆ ನೆಲಕ್ಕೆ ನೀರು ಚಿಮುಕಿಸಬೇಕು.

“ಆಟೋ ಬಾಡಿಗೆ?” ಎಂದೆ.

“ಬೆಳಗ್ಗೆ ಇಸ್ಕೂಲ್ ಮಕ್ಳು, ಸಂಜಿಕೆ ಇಸ್ಕೂಲ್ ಮಕ್ಳು. ನಡುವೆ ನಿದ್ದೆ ಒಡೀತಿದ್ದೆ, ಈಗ ಒಡಿಯಲ್ಲ. ಅಷ್ಟೆಯ.”

ನಾನೂ ಅಲ್ಲಿಯೇ ಜಗಲಿಯ ಮೇಲೆ ಕುಳಿತು ಕರಡಚ್ಚು ತಿದ್ದುತ್ತ, ಹೇಳಿದಾಗ ಎದ್ದು ನೀರು ಚಿಮುಕಿಸಿದೆ. ಆತ ಕಲಿಸುತ್ತ ಹೋದ: ಇಂಜಿನ್ ಹಚ್ಚಿದೊಡನೆ ಹೊರಡಬಾರದು, ನಿಲ್ಲಿಸುವ ಮೊದಲು ಒಂದು ನಿಮಿಷ ಕಾಯಬೇಕು, ಬಾಗಿಲನ್ನು ತಳ್ಳಬಾರದು, ಬಿಟ್ಟುಕೊಡಬೇಕು, ಅದೇ ಮುಚ್ಚಿಕೊಳ್ಳುತ್ತದೆ. ಒಮ್ಮೆ ಊರ ಹೊರಗೆ ಒಂದು ಸುತ್ತು ನಡೆಸಲು ಕೊಟ್ಟ. ಬ್ರೇಕಿನ ಮೇಲೆ ನಾನು ಕಾಲಿಟ್ಟ ರೀತಿಗೆ, “ಮೇಡಮ್ಮೋರೆ, ಅದು ಜಿರಳೆ ಅಲ್ಲ,” ಎಂದ.

ಎರಡನೆಯ ವಾರಕ್ಕೆ ಹಳದಿಯೆಲ್ಲ ಹಾರಿಹೋಯಿತು. ಮೂರನೆಯ ವಾರಕ್ಕೆ ಕೆಂಪು ನಸುಗೆಂಪಾಯಿತು. ಅತ್ತೆ ಮನೆಯಲ್ಲಿ ಮಾಡಿದ ಪಾಲು ಹೋಯಿತು, ಅಂಗಡಿಯಿಂದ ತಂದ ಪಾಲು ಉಳಿಯಿತು ಎಂದು ಲೆಕ್ಕ ಹಾಕಿದೆ. ಯುಗಾದಿಗೆ ಮೂರು ದಿನ ಉಳಿದಿದ್ದ ಶುಕ್ರವಾರ ನೋಡಿದಾಗಲೂ, ಪಕ್ಕದಿಂದ ಬಗ್ಗಿ ನೋಡಿದರೆ ಸ್ವಸ್ತಿಕದ ನಾಲ್ಕು ತೋಳುಗಳು ಕಾಣುತ್ತಲೇ ಇದ್ದವು. ಚಾಲಕ ಹೊದಿಕೆಯ ಕಿಂಡಿಯನ್ನು ಮತ್ತೆ ಕಲೆಯ ಮೇಲೆ ಸರಿಯಾಗಿ ಕೂರಿಸಿದ.

ಅಂದೇ ಹನ್ನೊಂದರ ಹೊತ್ತಿಗೆ ಚನ್ನರಾಯಪಟ್ಟಣದ ದಲ್ಲಾಳಿ ಬಂದ. ನಗುಮೊಗದ, ಕೆಟ್ಟವನೆನ್ನಲಾಗದ ಮನುಷ್ಯ. ಹೊದಿಕೆಯನ್ನೂ ಕಿಂಡಿಯನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನಣ್ಣೋ, ಕಾರಿಗೆ ಕಣ್ಣಿನ ಆಪ್ರೇಸನ್ ಮಾಡ್ಸಿದ್ದೀಯಾ?”

“ಊಂ. ನಿಂಗೂ ಮಾಡುಸ್ಬೇಕು. ಬಾ ಅತ್ರ, ಏನ್ ಕಾಣುಸ್ತದೆ ಏಳು,” ಎಂದ ಚಾಲಕ.

ದಲ್ಲಾಳಿ ಬಗ್ಗಿ ನೋಡಿದ. “ಏನೂ ಇಲ್ವಲ್ಲಣ್ಣ.”

“ಇನ್ನೊಂದ್ ಕಿತ ನೋಡು. ಪಕ್ಕದಿಂದ.”

“ಓ, ಇದಾ? ಇದಕ್ಕೆ ಇಷ್ಟು ದಿನವಾ? ಎರಡ್ ದಿನದ ಕೆಲ್ಸ ಕಣಣ್ಣೋ. ಇರಾ ಬಣ್ಣವ ಪೂರ್ತಿ ಉಜ್ಜಾಕ್ಬುಟ್ಟು, ಮುತ್ತಿನ್ ಬಿಳಿ ಒಡ್ಸುದ್ರೆ, ಮದ್ವೆ ಗಂಡು ಕುಣ್ಕಂಡ್ ಬಂದ್ ಕೂತ್ಕತಾನೆ.”

“ಇಂಜಿನ್ನು?”

“ಇಳ್ಸಿ ಡೀಸಲ್ದು ಕೂರುಸ್ತೀನಿ. ಇದ್ಕೆ ಪೆಟ್ರೋಲ್ ಕುಡ್ಸಕ್ಕೆ ನಮ್ಮಪ್ಪ ಏನ್ ಪಾಳೇಗಾರ್ನಾ?”

“ಬಣ್ಣ ನಿಂದು, ಇಂಜಿನ್ನು ಇನ್ಯಾವ್ದೋ ಗಾಡೀದು. ಇದ್ರಲ್ಲಿ ಇದು ಏನ್ ಉಳೀತ್ಲಾ?”

“ಉದ್ದ ಉಳೀತದಲ್ಲ ಬುಡಣ್ಣ. ಜನಕ್ಕೆ ಬೇಕಾಗಿರದು ಉದ್ದವೇ,” ಎಂದು ದಲ್ಲಾಳಿ ನಕ್ಕ. ನನಗೂ ನಗು ಬಂದಿತೆಂದು ಒಪ್ಪಿಕೊಳ್ಳಬೇಕು. ಚಾಲಕ ಮಾತ್ರ ನಗಲಿಲ್ಲ. ಹೊದಿಕೆಯನ್ನು ಹಿಂಬದಿಯಿಂದ ಸುತ್ತುತ್ತ ಬಂದು, ಪೂರ್ತಿ ತೆಗೆದು, ನಾಲ್ಕಾಗಿ ಮಡಿಸಿ ಜಗಲಿಯ ಮೇಲಿಟ್ಟ. ಬಾಗಿಲಲ್ಲಿ ನಿಂತಿದ್ದ ವೈದ್ಯರ ಪತ್ನಿಗೆ ಹೇಳಿದ:

“ಅಮ್ಮಾವ್ರೆ, ಮೇಡಮ್ಮೋರಿಗೆ ಕೊಟ್ಬುಡಿ.”

“ಕಲೆ ಹೋಯ್ತೇನೋ?”

“ಇಲ್ಲ. ಒಸಿ ಐತೆ.”

“ಮತ್ತೆ?”

“ಐತೆ ಅಂತ ಅವ್ರಿಗೆ ಗೊತ್ತಾಯ್ತದೆ. ಇವ್ನಿಗ್ ಗೊತ್ತಾಗಕಿಲ್ಲ.”

ದಲ್ಲಾಳಿ ತಲೆ ಕೆರೆದುಕೊಂಡು, “ಮೇಡಮ್, ಯಾವತ್ತಾರ ಬ್ಯಾಡ ಅನ್ಸುದ್ರೆ ಒಂದ್ ಫೋನ್ ಆಕಿ ಸಾಕು,” ಎಂದು ಹೇಳಿ, ಕೊಟ್ಟ ಮಜ್ಜಿಗೆಯನ್ನು ಕುಡಿದು ಹೋದ. ಕಾಗದಪತ್ರಗಳನ್ನು ವಕೀಲೆಯಾದ ಮಗಳು ಬೆಳಗ್ಗೆಯೇ ಎರಡು ಹೆಸರಿನಲ್ಲಿಯೂ ಸಿದ್ಧಪಡಿಸಿ ಇಟ್ಟಿದ್ದಳಂತೆ. ದಲ್ಲಾಳಿಯ ಹೆಸರಿನದನ್ನು ನನ್ನೆದುರಿಗೇ ಹರಿದಳು.

ವೈದ್ಯರ ಪತ್ನಿ ಕೀಲಿಯನ್ನು ನನಗೆ ಕೊಡದೆ ಚಾಲಕನ ಕೈಗೆ ಕೊಟ್ಟರು. ಆತ ಅದನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ಕೊಟ್ಟ. ಹಿಂದಿನ ಸಾಮಾನು ಪೆಟ್ಟಿಗೆಯಲ್ಲಿ ಅಂಟುವಾಳದ ಕಾಯಿಯ ಚೀಲವನ್ನೂ, ಹೊಸ ಹೊಗೆಸೊಪ್ಪಿನ ಕಟ್ಟನ್ನೂ, ಮಡಿಸಿದ ಹೊದಿಕೆಯನ್ನೂ ಇಟ್ಟ. ನಾನು ಆಸನದಲ್ಲಿ ಕುಳಿತು ಬಾಗಿಲನ್ನು ತಳ್ಳದೆ ಬಿಟ್ಟುಕೊಟ್ಟೆ, ಅದು ಮುಚ್ಚಿಕೊಂಡಿತು.

ಆತ ಕಿಟಕಿಯ ಬಳಿ ಬಗ್ಗಿದ. “ಇನ್ನೂ ಎಂಟತ್ತ್ ದಿನ ಬಿಸ್ಲು ಕಾಣುಸ್ಬೇಕು. ಮೊಸ್ಳೆ ಊರ್ ಮೇಲಿನ್ ರಸ್ತೇಲಿ ಓಗ್ಬ್ಯಾಡಿ, ಅಲ್ಲಿ ಬರೀ ಮರ, ಬರೀ ನೆಳ್ಳು. ಚನ್ರಾಯ್‌ಪಟ್ಣದ್ ಮೇಲೆ ಓಗಿ. ಸುತ್ತಾಯ್ತದೆ, ಆದ್ರೆ ಬಿಸ್ಲು ಚೆನ್ನಾಗಿ ಬೀಳ್ತದೆ.”

ಸುತ್ತಿನ ದಾರಿಯಲ್ಲಿಯೇ ಹೊರಟೆ. ನಡುಹಗಲು. ಬಯಲಿನ ನಡುವೆ ರಸ್ತೆ ಬಿಳಿಚಿಕೊಂಡು ಹರಿದಿತ್ತು. ನನ್ನ ಮುಂದೆ ಆ ಉದ್ದನೆಯ ಕೆನೆಬಣ್ಣ, ಅದರ ನಡುವೆ ನನಗೆ ಮಾತ್ರ ಕಾಣುವಷ್ಟು ನಸುವಾದ ಗುರುತು. ಕಾರು ಎಷ್ಟು ಸುಮ್ಮನೆ ಸಾಗುತ್ತಿತ್ತೆಂದರೆ, ಎದುರಿನಿಂದ ಬರುವ ಬಸ್ಸುಗಳ ಸದ್ದಿನಿಂದಲೇ ನಾನು ಚಲಿಸುತ್ತಿದ್ದೇನೆಂಬುದು ತಿಳಿಯುತ್ತಿತ್ತು. ಚನ್ನರಾಯಪಟ್ಟಣದ ಹೊರಗೆ ಕಾಫಿಗೆಂದು ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಒಂದು ನಿಮಿಷ ಕಾದು ಇಂಜಿನ್ ಆರಿಸಿದೆ. ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ಬಂದರು.

“ಎಂಥಾ ಕಾರಮ್ಮ ಇದು. ಯಾಕ್ ಬಿಸ್ಲಲ್ ನಿಲ್ಸಿದ್ದೀರಾ? ಅಕಾ, ಆ ಉಣ್ಸೆ ಮರದ್ ಕೆಳೀಕೆ ಆಕಿ, ಜಾಗ ಐತೆ.”

“ಬೇಡಪ್ಪ,” ಎಂದೆ. “ಬಿಸಿಲಲ್ಲೇ ಇರಲಿ.”

ಅವರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಕಾಫಿ ತರಲು ಒಳಗೆ ಹೋದರು.